ಆನೆ ಕೇಕು, ಅಮ್ಮನ ಅಕ್ಷರ



ಮಗುವಿನ ಹುಟ್ಟುಹಬ್ಬ ಬಂತು. ಬೇಕರಿ ಕೇಕಿಗೆ ಸಾಲ ಮಾಡೋದು ಬೇಡ. ಮನೆಯಲ್ಲೇ ಮಾಡೋಣ. ನಮ್ಮ ಆನೆಕೊಂಡದ ಹೆಸರಲ್ಲೇ ಆನೆ ಇದೆ. ಆನೆ ಮುಖದ ಕೇಕೇ ಆಗಲಿ.

1 ಲೋಟ ಚಿರೋಟಿ ರವೆ, ಮುಕ್ಕಾಲು ಲೋಟ ಸಕ್ಕರೆ ಪುಡಿ, ಮುಕ್ಕಾಲು ಲೋಟ ಮೊಸರು, ಕಾಲು ಲೋಟ ತುಪ್ಪ ಕಲಸಿರಿ. ಅರ್ಧ ಗಂಟೆ ನೆನೆಯಲಿ. ಆಮೇಲೆ ಹಾಲು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ತನ್ನಿರಿ. ಕೊನೆಗೆ ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ ಹಾಕಿರಿ. ಮೊಸರಿನ ಹುಳಿಗೆ ಸೋಡಾ ಸೇರಿದರೆ ಗುಳ್ಳೆ ಏಳುತ್ತದೆ. ಕೇಕು ಉಬ್ಬುವುದು ಅದರಿಂದಲೇ.

ದಪ್ಪ ತಳದ ಪಾತ್ರೆಗೆ ಎರಡು ಬೆರಳು ಎತ್ತರ ಮರಳು ಹಾಕಿ ಕಾಯಿಸಿರಿ. ತುಪ್ಪ ಸವರಿದ ದುಂಡು ಡಬ್ಬಿಗೆ ಹಿಟ್ಟು ಸುರಿದು, ಮರಳಿನ ಮೇಲಿಡಿರಿ. ಪಾತ್ರೆ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿರಿ. ಕಡ್ಡಿ ಚುಚ್ಚಿ ನೋಡಿರಿ. ಹಿಟ್ಟು ಅಂಟದಿದ್ದರೆ ಬೆಂದಿದೆ ಅಂತ ತಿಳಿಯಿರಿ.

ಆರಿದ ಮೇಲೆ ಸಕ್ಕರೆ ಪುಡಿ ಬೆರೆಸಿದ ಬೆಣ್ಣೆ ಸವರಿರಿ. ಎರಡು ದುಂಡು ಬಿಸ್ಕತ್ತು ಕಿವಿ. ಬಾಳೆಹಣ್ಣು ಸೊಂಡಿಲು. ಒಣದ್ರಾಕ್ಷಿ ಕಣ್ಣು. ಚಿಕ್ಕ ಮಗುವಿಗೆ ದ್ರಾಕ್ಷಿ ತೆಗೆದು ಕೊಡಿರಿ. ಗಂಟಲಿಗೆ ಸಿಕ್ಕೀತು.

ಇನ್ನು ಹೆಸರು. ಬೇಕರಿಯಲ್ಲಾದರೆ ಬೇರೆಯವರು ಬರೆಯುತ್ತಾರೆ. ಇಲ್ಲಿ ನೀವೇ ಬರೆಯಿರಿ. ಸ್ವಲ್ಪ ಬೆಣ್ಣೆಗೆ ಬೀಟ್‌ರೂಟ್ ರಸ ಹನಿಸಿ, ಬಿಳಿ ಕಾಗದದ ಪೊಟ್ಟಣಕ್ಕೆ ತುಂಬಿ, ತುದಿ ಕತ್ತರಿಸಿರಿ. ಅದೇ ನಿಮ್ಮ ಬಳಪ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಮಗುವಿನ ಹೆಸರು ಅಮ್ಮನ ಕೈಬರಹದಲ್ಲಿರಲಿ.