ಪ್ರೀತಿಯ ಹೆಸರಿನಲ್ಲಿ ಬೀಳುವ ಏಟು

(ಗೋವಿನಕೋವಿಯಲ್ಲಿ ಶರಣ ಬಂಧುಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹುಡುಗ ಹುಡುಗಿಯರ ಪ್ರೀತಿಯ ಮಾತು ಈ ವೇದಿಕೆಗೆ ಬೇಡ ಎಂದು ಕೆಲವು ಹಿರಿಯರು ನನಗೆ ಹೇಳಿದರು. ಅಕ್ಕಮಹಾದೇವಿಯ ಕಥೆಯನ್ನು ನಾವು ಕೇಳಿದ್ದು ಇಂಥ ವೇದಿಕೆಗಳಲ್ಲೇ ಅಲ್ಲವೇ? ಅಕ್ಕ ಹುಟ್ಟಿದ ಉಡುತಡಿ ನಮ್ಮ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಹರಿಹರನ ರಗಳೆಯಲ್ಲಿ ಕೌಶಿಕ ಆಕೆಯನ್ನು ಕಂಡು ಮೋಹಗೊಳ್ಳುತ್ತಾನೆ. ಒಪ್ಪದಿದ್ದರೆ ಹೆತ್ತವರ ಪ್ರಾಣಕ್ಕೇ ಕುತ್ತು ಎಂಬ ಬೆದರಿಕೆ ಬರುತ್ತದೆ. ಅಕ್ಕ ಷರತ್ತು ಹಾಕಿ ಹೋಗುತ್ತಾಳೆ, ಅವನು ಷರತ್ತು ಮುರಿದಾಗ ಹೊರನಡೆಯುತ್ತಾಳೆ. ಚಾಮರಸ ಆ ಮದುವೆಯನ್ನೇ ಒಪ್ಪುವುದಿಲ್ಲ. ಅದನ್ನು ವಿದ್ವಾಂಸರು ಚರ್ಚಿಸಲಿ. ಆದರೆ ‘ನೀನು ಒಪ್ಪದಿದ್ದರೆ ನಿನ್ನ ಮನೆಯವರನ್ನು ನೋಡಿಕೊಳ್ಳುತ್ತೇನೆ’ ಎಂಬ ಮಾತು ಇವತ್ತು ಹದಿನಾರರ ಹುಡುಗಿಯ ಮೊಬೈಲಿಗೆ ಬರುತ್ತಿದೆ. ಜೊತೆಗೆ ‘ನಾನು ಸತ್ತುಹೋಗುತ್ತೇನೆ’ ಎಂಬುದೂ ಸೇರಿದೆ. ಎರಡೂ ಬೆದರಿಕೆಯೇ.

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಎಂಸಿಎ ಓದುತ್ತಿದ್ದ ಮಗಳೊಬ್ಬಳನ್ನು ಇರಿದು ಕೊಂದರು. ಆರೋಪಿ ಹಿಂದೆ ಅವಳ ಸಹಪಾಠಿ. ತಿಂಗಳು ತುಂಬುವಷ್ಟರಲ್ಲಿ, ಮೇ 15ರಂದು, ಅದೇ ಊರಿನಲ್ಲಿ ಇಪ್ಪತ್ತು ವರ್ಷದ ಇನ್ನೊಬ್ಬಳ ಕೊಲೆ, ಅದೂ ಅವಳ ಮನೆಯೊಳಗೇ. ಬೆದರಿಕೆಯ ವಿಷಯ ಮೊದಲೇ ತಿಳಿಸಿದರೂ ನಿರ್ಲಕ್ಷಿಸಿದರೆಂಬ ದೂರಿನ ಮೇಲೆ ಠಾಣೆಯ ಇನ್‌ಸ್ಪೆಕ್ಟರ್ ಅಮಾನತಾದರು. ಮೊದಲ ಪ್ರಕರಣದ ಆರೋಪಿ ಬೇರೆ ಧರ್ಮದವನು, ಎರಡನೆಯದರಲ್ಲಿ ಹಾಗಿರಲಿಲ್ಲ. ನಾವು ಧರ್ಮದ ಲೆಕ್ಕ ಹಾಕುತ್ತಾ ಕೂತೆವು. ಹೆಣ್ಣು ‘ಬೇಡ’ ಅಂದದ್ದನ್ನು ಅವಮಾನ ಎಂದುಕೊಳ್ಳುವ ಗಂಡಸುತನ ಎರಡೂ ಕಡೆ ಒಂದೇ ಎಂಬುದನ್ನು ಯಾರೂ ಹೇಳಲಿಲ್ಲ.

ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಗೋಡೆ ಬಿರುಕು ಬಿಟ್ಟರೆ ನಾವು ಅದರ ಮೇಲೆ ತೆಳು ಗಾಜಿನ ಪಟ್ಟಿ ಅಂಟಿಸುತ್ತಿದ್ದೆವು. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ಮಕ್ಕಳ ವಿಷಯದಲ್ಲೂ ನೋಡಬೇಕಾದದ್ದು ಬೆಳವಣಿಗೆಯನ್ನು. ಮೊದಲು ‘ಪಾಸ್‌ವರ್ಡ್ ಕೊಡು’. ಆಮೇಲೆ ‘ಬಸ್ಸಿನಲ್ಲಿ ಅವನ ಪಕ್ಕ ಏಕೆ ಕೂತೆ’. ಆಮೇಲೆ ಗೆಳತಿಯರನ್ನು ಬಿಡಿಸುವುದು, ಫೋಟೋ ಎಲ್ಲರಿಗೂ ಕಳಿಸುತ್ತೇನೆ ಅನ್ನುವುದು, ಕೈ ತಿರುಚುವುದು, ಮರುದಿನ ಅತ್ತು ಕ್ಷಮೆ ಕೇಳುವುದು. ಹುಡುಗಿ ಇದನ್ನು ಪ್ರೀತಿ ಎಂದೇ ತಿಳಿಯುತ್ತಾಳೆ. ಒಪ್ಪದ ನಾಯಕಿಯ ಬೆನ್ನು ಬಿಡದ ನಾಯಕ ಕೊನೆಗೆ ಗೆಲ್ಲುವುದನ್ನೇ ಅಲ್ಲವೇ ನಮ್ಮ ಸಿನಿಮಾ ತೋರಿಸಿದ್ದು?

ಅವಳು ಮನೆಯಲ್ಲಿ ಏಕೆ ಹೇಳುವುದಿಲ್ಲ? ಹೇಳಿದರೆ ಅಪ್ಪ ಹೊಡೆಯುತ್ತಾನೆ, ಕಾಲೇಜು ಬಿಡಿಸುತ್ತಾನೆ, ಗಂಡು ನೋಡಲು ಶುರುಮಾಡುತ್ತಾನೆ. ಹೊರಗಿನವನ ಏಟಿಗಿಂತ ಒಳಗಿನವರ ಏಟು ಹತ್ತಿರದ್ದು. ಆ ಹುಡುಗನ ಬಲವೆಲ್ಲ ನಿಂತಿರುವುದು ಈ ಭಯದ ಮೇಲೆಯೇ. ‘ನಿಮ್ಮಪ್ಪನಿಗೆ ಹೇಳುತ್ತೇನೆ’ ಎಂದು ಅವನು ಹೆದರಿಸುತ್ತಾನೆ. ಹೇಳಿದರೂ ಏನೂ ಆಗದ ಮನೆಯಾದರೆ ಆ ಬೆದರಿಕೆ ಅಲ್ಲೇ ಸಾಯುತ್ತದೆ. ಆದ್ದರಿಂದ ಅಪ್ಪಂದಿರೇ, ಮೊದಲ ದಿನ ಬರೀ ಕೇಳಿಸಿಕೊಳ್ಳಿ. ತಪ್ಪು ಯಾರದು ಎಂಬ ವಿಚಾರಣೆ ಆಮೇಲಿರಲಿ.

ಕಾನೂನನ್ನೂ ತಿಳಿದಿರಬೇಕು. ಹೆಣ್ಣು ಬೇಡವೆಂದ ಮೇಲೂ ಹಿಂಬಾಲಿಸುವುದು, ಮತ್ತೆ ಮತ್ತೆ ಸಂಪರ್ಕಿಸುವುದು, ಅವಳ ಇಂಟರ್‌ನೆಟ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಡಿ ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ, ಮರುಕಳಿಸಿದರೆ ಐದು ವರ್ಷದವರೆಗೆ ಶಿಕ್ಷೆ. ಹದಿನೆಂಟರ ಒಳಗಿನವರಿಗೆ 2012ರ ಪೋಕ್ಸೋ ಕಾಯ್ದೆಯಿದೆ. ಮಕ್ಕಳ ಸಹಾಯವಾಣಿ 1098, ಮಹಿಳೆಯರಿಗೆ 181, ತುರ್ತಿಗೆ 112. ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಬೆದರಿಕೆಯ ಮೆಸೇಜನ್ನು ಸಿಟ್ಟಿನಲ್ಲಿ ಅಳಿಸಬೇಡಿ, ಸಾಕ್ಷಿ ಅದೇ.

ಬಸವಾದಿ ಶರಣರು ಹೆಣ್ಣಿಗೂ ಇಷ್ಟಲಿಂಗ ಕೊಟ್ಟರು. ಲಿಂಗ ಧರಿಸಿದ ಆ ಮೈಮೇಲೆ ಅವಳ ಒಪ್ಪಿಗೆಯಿಲ್ಲದೆ ಯಾರ ಕೈಯೂ ಬೀಳಬಾರದು, ಗಂಡನದೂ ಸಹ. ಇದನ್ನು ನಮ್ಮ ಗಂಡುಮಕ್ಕಳಿಗೆ ದೀಕ್ಷೆಯ ದಿನವೇ ಏಕೆ ಹೇಳುವುದಿಲ್ಲ? ಮನೆಯಲ್ಲಿ ಅಮ್ಮನ ಮೇಲೆ ಅಪ್ಪ ಕೈ ಎತ್ತುವುದನ್ನು ನೋಡಿ ಬೆಳೆದವನಿಗೆ ಮಠದ ಉಪದೇಶವೊಂದೇ ಸಾಲದು, ಅದೂ ನಿಜ.

ಇಲ್ಲಿ ಮುಂದಿನ ಸಾಲುಗಳಲ್ಲಿ ತಾಯಂದಿರು, ಹೆಣ್ಣುಮಕ್ಕಳೇ ತುಂಬಿದ್ದಾರೆ. ಹುಡುಗರು ಹೊರಗೆ ಬೈಕಿನ ಮೇಲೆ ಕೂತಿದ್ದಾರೆ. ಪ್ರಸಾದಕ್ಕೆ ಹೇಗೂ ಒಳಗೆ ಬರುತ್ತಾರೆ. ಪೂಜ್ಯರು ಅಪ್ಪಣೆ ಕೊಟ್ಟರೆ ಆಗ ಅವರ ಜೊತೆ ಅರ್ಧ ಗಂಟೆ ಕೂತು ಮಾತಾಡುತ್ತೇನೆ.