ಆರೋಗ್ಯ ರಕ್ಷಣೆ: ಬೈಲಿಗೊಂದು, ಬೆಟ್ಟಿಗೊಂದು
(ಭಾಷಣದ ಪಾಠ)



ದಕ್ಷಿಣ ಕನ್ನಡದ ಬೇಸಾಯಗಾರರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ನೀರು ನಿಲ್ಲುವ ಬೈಲಿಗೆ ಒಗ್ಗುವ ತಳಿ ಮಳೆಯನ್ನೇ ನಂಬಿದ ಬೆಟ್ಟಿಗೆ ಒಗ್ಗದು. ಆರೋಗ್ಯದ ಸಲಹೆಗೂ ಈ ಮಾತು ಸಲ್ಲುತ್ತದೆ. ಮಂಗಳೂರಿನ ಮಲೇರಿಯಾ ಇದಕ್ಕೆ ನಿದರ್ಶನ.

ದೇರೆಬೈಲಿನ ಹೆಸರಿನಲ್ಲಿ ಬೈಲು ಇಂದಿಗೂ ಇದೆ. ಊರು ಮಾತ್ರ ಮಹಾನಗರಪಾಲಿಕೆಯೊಳಗೆ ಸೇರಿ, ಮನೆ ಮಹಡಿಗಳಿಂದ ತುಂಬಿದೆ. 1990ರ ದಶಕದಿಂದ ನಗರದಲ್ಲಿ ಕಟ್ಟಡ ಕೆಲಸ ಹೆಚ್ಚಿದಂತೆ ಮಲೇರಿಯಾವೂ ಹೆಚ್ಚಿತು. ಈಚಿನ ವರ್ಷಗಳಲ್ಲಿ ಬಹಳ ಇಳಿದಿದ್ದರೂ ಎಚ್ಚರ ತಪ್ಪುವಂತಿಲ್ಲ. ನಗರಗಳಲ್ಲಿ ಇದನ್ನು ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಚರಂಡಿಯ ಕೊಳಚೆಗಿಂತ ಟ್ಯಾಂಕಿ, ಬಾವಿ, ಹೊಸ ತಾರಸಿಯ ಮೇಲೆ ಕಟ್ಟಿ ನಿಲ್ಲಿಸಿದ ತಿಳಿನೀರಿನಲ್ಲಿ ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8-10 ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ನೀರು ಬರಿದು ಮಾಡಿರೆಂಬುದು ಸಾಮಾನ್ಯ ಸಲಹೆ.

ಇದನ್ನು ಪಾಲಿಸಬಲ್ಲವರು ಯಾರು? ಸ್ವಂತ ಮನೆಯವರು ಟ್ಯಾಂಕಿಗೆ ಮುಚ್ಚಳ, ಬಾವಿಗೆ ಬಲೆ ಹಾಕಬಹುದು. ಬಾವಿಗೆ ಗಪ್ಪಿ ಮೀನು ಬಿಡಬಹುದು. ಬಾಡಿಗೆಯವರಿಗೆ ತಾರಸಿಯ ಬೀಗದ ಕೈ ಸಹ ಸಿಗದಿರಬಹುದು. ಅವರ ಕೈಯಲ್ಲಿರುವುದು ಸೊಳ್ಳೆಪರದೆ. ಕಟ್ಟುತ್ತಿರುವ ಮಹಡಿಯಡಿಯ ಶೆಡ್ಡಿನಲ್ಲೇ ಮಲಗುವ ಕೂಲಿಗಾರನು ಕಾಂಕ್ರೀಟಿಗೆ ಬೇಕಾದ ನೀರನ್ನು ತಾನಾಗಿ ಚೆಲ್ಲುವಂತಿಲ್ಲ. ನಿಂತ ನೀರಿನ ಬದಲು ಒದ್ದೆ ಗೋಣಿ ಹೊದಿಸುವ ಹೊಣೆ ಗುತ್ತಿಗೆದಾರನದು.

ಔಷಧಿಯ ವಿಷಯವೂ ಹೀಗೆಯೇ. ವೈವಾಕ್ಸ್ ಮಲೇರಿಯಾಕ್ಕೆ 3 ದಿನ ಕ್ಲೋರೋಕ್ವಿನ್, 14 ದಿನ ಪ್ರಿಮಾಕ್ವಿನ್ ಕೊಡುತ್ತಾರೆ. ಕೆಲವೇ ದಿನಗಳಲ್ಲಿ ಜ್ವರ ಇಳಿಯುತ್ತದೆ. ಪಿತ್ತಜನಕಾಂಗದಲ್ಲಿ ಅಡಗಿದ ರೋಗಾಣು ಮಾತ್ರ ಉಳಿದಿರುತ್ತದೆ. ದಿನಗೂಲಿಯವನು ಜ್ವರ ಬಿಟ್ಟ ದಿನವೇ ಕೆಲಸಕ್ಕೆ ಹೋಗುತ್ತಾನೆ, ಇಲ್ಲವೇ ಊರಿಗೆ ಹೊರಡುತ್ತಾನೆ. ಗುಳಿಗೆ ಅರ್ಧಕ್ಕೆ ನಿಂತರೆ ವಾರಗಳ, ತಿಂಗಳುಗಳ ಮೇಲೆ ಜ್ವರ ಮರುಕಳಿಸಬಹುದು. ಅವನ ರಕ್ತ ಹೀರಿದ ಸೊಳ್ಳೆಯಿಂದ ನೆರೆಯವರಿಗೂ ಹರಡಬಹುದು. ಇದನ್ನು ಉದಾಸೀನವೆಂದು ಜರೆದು ಫಲವಿಲ್ಲ. ಒಂದು ದಿನದ ಕೂಲಿ ತಪ್ಪಿದರೆ ಒಲೆ ಉರಿಯದ ಮನೆಗಳಿವೆ. ಕೆಲಸದ ಸ್ಥಳದಲ್ಲೇ ರಕ್ತಪರೀಕ್ಷೆ ನಡೆದು, ಊಟವಾದ ಮೇಲೆ ಮೇಸ್ತ್ರಿಯೇ ಎದುರು ನಿಂತು ಗುಳಿಗೆ ನುಂಗಿಸಿದರೆ ಹದಿನಾಲ್ಕು ದಿನವೂ ಪೂರೈಸುತ್ತದೆ. ಗರ್ಭಿಣಿಯರಿಗೆ ಪ್ರಿಮಾಕ್ವಿನ್ ಸಲ್ಲದು. ಆದುದರಿಂದ ವೈದ್ಯರನ್ನು ಕೇಳದೆ ಯಾರೂ ಸೇವಿಸಬಾರದು.

ಇದು ಪಟ್ಟಣದ ಮಾತೆಂದು ರೈತರು ಕಡೆಗಣಿಸಬಾರದು. ಸುಗ್ಗಿ ಮುಗಿಸಿ ನಗರಕ್ಕೆ ದುಡಿಯಲು ಹೋದ ಮಗ ಜ್ವರದೊಂದಿಗೆ ಮರಳಿದರೆ ಕೂಡಲೇ ರಕ್ತಪರೀಕ್ಷೆ ಮಾಡಿಸಬೇಕು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಅಡಿಕೆ ತೋಟವುಳ್ಳವರು ಬಿದ್ದ ಹಾಳೆಗಳನ್ನು ಹೆಕ್ಕಿ ಕವುಚಿಡಲಿ. ಅದರಲ್ಲಿ ನಿಂತ ಮಳೆನೀರು ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ತವರು.

ವಿಸ್ತರಣಾ ಕಾರ್ಯಕರ್ತರು ಮಣ್ಣು ನೋಡದೆ ಗೊಬ್ಬರ ಹೇಳುವುದಿಲ್ಲ. ಆರೋಗ್ಯದ ಮಾತು ಹೇಳುವ ಮುನ್ನವೂ ಮನೆಯ ನೀರು ಎಲ್ಲಿದೆ, ಬೀಗದ ಕೈ ಯಾರಲ್ಲಿದೆ, ಕೆಲಸ ತಪ್ಪಿದರೆ ಆ ದಿನದ ಊಟಕ್ಕೇನು ಎಂದು ವಿಚಾರಿಸಬೇಕು. ಆಗ ಮಾತ್ರ ಸಲಹೆ ಆಚರಣೆಗೆ ಬರುತ್ತದೆ.