ಬೆರಳಿಲ್ಲದ ಪಾದದ ಒದೆ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡಿಗೆ ಕಾಲು ತಾಗುವುದೇ ಅಪರೂಪ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಎದುರಾಳಿಯನ್ನು ಕೆಡಹುವುದು, ಇವೇ ಅಲ್ಲಿ ಮುಖ್ಯ. ಆದರೂ ಒದೆಯುವುದಕ್ಕೆಂದೇ ಸಂಬಳ ಪಡೆಯುವವನೊಬ್ಬ ತಂಡದಲ್ಲಿರುತ್ತಾನೆ. ಆಟವೊಂದರಲ್ಲಿ ಅವನಿಗೆ ಕೆಲಸ ಬರುವುದು ಕೆಲವೇ ಸಲ. ಜೊತೆಗಾರನೊಬ್ಬ ಚೆಂಡನ್ನು ನೆಲಕ್ಕೆ ಊರಿ ಹಿಡಿಯುತ್ತಾನೆ. ಇವನು ನಾಲ್ಕು ಹೆಜ್ಜೆ ಬಂದು, ಹದಿನೆಂಟೂವರೆ ಅಡಿ ಅಂತರದ ಎರಡು ಕಂಬಗಳ ನಡುವೆ, ಹತ್ತಡಿ ಎತ್ತರದ ಅಡ್ಡಪಟ್ಟಿಯ ಮೇಲೆ ಅದನ್ನು ದಾಟಿಸಬೇಕು. ದಾಟಿದರೆ ಮೂರು ಅಂಕ. ತಪ್ಪಿತೋ, ಉಳಿದವರು ಒಂದು ಗಂಟೆಯ ಕಾಲ ಮೈ ಮುರಿದದ್ದೆಲ್ಲ ಇವನೊಬ್ಬನಿಂದ ಹಾಳಾಯಿತೆಂಬ ಮಾತು.

ಇಂಥ ಕೆಲಸವನ್ನು ಹಿಡಿದವನು ಟಾಮ್ ಡೆಂಪ್ಸಿ. ೧೯೪೭ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿದವನು. ಹುಟ್ಟುವಾಗಲೇ ಬಲಗೈಗೂ ಬಲಗಾಲಿಗೂ ಬೆರಳುಗಳಿರಲಿಲ್ಲ. ಸೋಜಿಗವೆಂದರೆ, ಎಡಗಾಲು ಸರಿಯಾಗಿದ್ದರೂ ಅವನು ಒದೆಯುತ್ತಿದ್ದುದು ಆ ಬಲಗಾಲಿನಿಂದಲೇ! ಅದಕ್ಕಾಗಿ ಮಾಡಿಸಿದ ಬೂಟಿನ ಮುಂಭಾಗ ಕೊಡತಿಯ ಮುಖದಂತೆ ಚಪ್ಪಟೆಯಾಗಿತ್ತು.

೧೯೭೦ನೆಯ ನವೆಂಬರ್ ೮. ನ್ಯೂ ಆರ್ಲಿಯನ್ಸಿನ ಟುಲೇನ್ ಕ್ರೀಡಾಂಗಣ. ಅವನ ತಂಡವಾದ ಸೇಂಟ್ಸ್, ಡೆಟ್ರಾಯಿಟ್ ಲಯನ್ಸ್ ತಂಡಕ್ಕಿಂತ ಒಂದು ಅಂಕ ಹಿಂದೆ: ೧೭ಕ್ಕೆ ೧೬. ಉಳಿದಿದ್ದ ಕಾಲ ಎರಡು ಸೆಕೆಂಡು. ಗುರಿಗೆ ೬೩ ಗಜ. ಕ್ರಿಕೆಟ್ ಬಲ್ಲವರಿಗೆ ಹೇಳುವುದಾದರೆ, ಮೂರು ಪಿಚ್‌ಗಳನ್ನು ಉದ್ದಕ್ಕೆ ಜೋಡಿಸಿದರೆ ಮೂರೇ ಗಜ ಹೆಚ್ಚಾದೀತು! ಅದುವರೆಗಿನ ದಾಖಲೆ, ೧೯೫೩ರದು, ೫೬ ಗಜ. ಡೆಂಪ್ಸಿ ಒದೆದ ಚೆಂಡು ಅಡ್ಡಪಟ್ಟಿಯನ್ನು ಸವರಿಕೊಂಡಂತೆ ದಾಟಿತು. ಸೇಂಟ್ಸ್ ಆ ವರ್ಷ ಆಡಿದ್ದು ಹದಿನಾಲ್ಕು ಆಟ, ಗೆದ್ದದ್ದು ಎರಡು, ಇದು ಎರಡನೆಯದು.

ಮರುವರ್ಷ ಆಟದ ಕಾಲ ತೊಡಗುವ ಮುನ್ನವೇ ಆ ತಂಡ ಅವನನ್ನು ಕೈಬಿಟ್ಟಿತು. ಒದೆಗಾರನ ಬಾಳು ಅಷ್ಟೆ. ಫಿಲಡೆಲ್ಫಿಯಾ, ಲಾಸ್ ಏಂಜಲೀಸ್, ಹ್ಯೂಸ್ಟನ್, ಬಫಲೊ ಎಂದು ಊರೂರು ಬದಲಿಸುತ್ತ ೧೯೭೯ರವರೆಗೆ ಆಡಿದ. ಹನ್ನೊಂದು ವರ್ಷಗಳಲ್ಲಿ ೨೫೮ ಯತ್ನ, ೧೫೯ ಸಫಲ.

ಆ ಬೂಟು ಸುತ್ತಿಗೆಯಿದ್ದಂತೆ, ಅದು ನ್ಯಾಯವಲ್ಲ ಎಂದು ಕೆಲವರು ಆಕ್ಷೇಪಿಸಿದರು. ಅಂಥ ಕಾಲಿನ ಬೂಟಿನ ಮುಖವೂ ಸಾಮಾನ್ಯ ಬೂಟಿನಂತೆಯೇ ಇರಬೇಕೆಂದು ೧೯೭೭ರಲ್ಲಿ ನಿಯಮವೂ ಬಂತು. ನನಗೇನೋ ಇದು ಒಪ್ಪದ ಮಾತು. ಬೂಟೇ ಒದೆಯುವುದಾಗಿದ್ದರೆ, ಅದನ್ನು ತೊಟ್ಟ ಉಳಿದ ವರ್ಷಗಳಲ್ಲಿ ೬೦ ಗಜ ದಾಟಿದ ಮತ್ತೊಂದು ಒದೆಯಾದರೂ ಬರಬೇಡವೆ? ಬರಲಿಲ್ಲ.

೧೯೯೮ರಲ್ಲಿ ಜೇಸನ್ ಎಲಮ್ ೬೩ ಗಜವನ್ನು ಸರಿಗಟ್ಟಿದ. ೨೦೧೩ರಲ್ಲಿ ಮ್ಯಾಟ್ ಪ್ರೇಟರ್ ೬೪ ಗಜ ಒದೆದ. ಇಬ್ಬರೂ ಒದೆದದ್ದು ಡೆನ್ವರ್‌ನಲ್ಲಿ. ಆ ಊರು ಸಮುದ್ರಮಟ್ಟದಿಂದ ಸುಮಾರು ೫,೨೮೦ ಅಡಿ ಮೇಲಿದೆ. ಅಲ್ಲಿ ಗಾಳಿ ತೆಳು, ಚೆಂಡು ಹೆಚ್ಚು ದೂರ ಹಾರುತ್ತದೆ. ನ್ಯೂ ಆರ್ಲಿಯನ್ಸಾದರೋ ಸಮುದ್ರದ ಮಟ್ಟಕ್ಕೇ ಇರುವ ತಗ್ಗಿನ ಊರು. ಡೆಂಪ್ಸಿ ತೀರಿಕೊಂಡದ್ದೂ ಅಲ್ಲಿಯೇ, ೨೦೨೦ರ ಏಪ್ರಿಲ್ ೪ರಂದು, ಕೊರೋನಾ ಸೋಂಕು ತಗುಲಿ. ಆಗ ಅವನಿಗೆ ೭೩ ವರ್ಷ.